16 ಎಂದು ಬರೆದದ್ದೆಲ್ಲ 16 ಅಲ್ಲ

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ಮಳೆ ಲೆಕ್ಕಕ್ಕೆಂದು ಮಗ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂರಿಸಿಕೊಟ್ಟು ಬೆಂಗಳೂರಿಗೆ ಹೋದ. ಅದರ 16 ಜಿಬಿ ಮೆಮೊರಿ ಕಾರ್ಡಿನ ಇಮೇಜನ್ನು (ಇಡೀ ಕಾರ್ಡಿನ ನಕಲು ಫೈಲ್) ಮೇ ತಿಂಗಳಲ್ಲೇ ಲ್ಯಾಪ್‌ಟಾಪಿನಲ್ಲಿ ಉಳಿಸಿಟ್ಟಿದ್ದ. ಜುಲೈಯಲ್ಲಿ ಕರೆಂಟ್ ಹೋಗಿ ಬಂದು ಕಾರ್ಡ್ ಕೆಟ್ಟಿತು. ಹೊಸ 16 ಜಿಬಿ ಕಾರ್ಡಿಗೆ ಇಮೇಜ್ ಬರೆಯಲು ಹೋದರೆ ಜಾಗ ಸಾಲದು ಅಂತ ಬರುತ್ತದೆ ಸಾರ್. ಅದೂ 16, ಇದೂ 16! 32ರ ಕಾರ್ಡ್ ತಂದರೆ ಆಗುತ್ತದಾ?

ಉತ್ತರ: ಆಗುತ್ತದೆ. ಆದರೆ ಮೊದಲು ಈ 16ರ ಕಥೆ ಕೇಳಿ.

ನೀವು ಕಾಫಿ ಮಾರುವವರು. ಚೆರ್ರಿ, ಅಂದರೆ ಒಣಗಿದ ಕಾಫಿ ಹಣ್ಣಿನ ಚೀಲ ಎಲ್ಲರದೂ 50 ಕೆಜಿ. ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲಿನ ತೂಕ) ನೋಡಿದ ಮೇಲೆ ತಾನೇ ಒಳಗೆ ಬೀಜ ಎಷ್ಟು ಅಂತ ಗೊತ್ತಾಗುವುದು? ಕಾರ್ಡೂ ಹಾಗೆಯೇ. ನನ್ನ ಮೇಜಿನ ಮೇಲೆ 16 ಜಿಬಿಯ ಎರಡು ಕಾರ್ಡುಗಳಿವೆ. ಒಂದರಲ್ಲಿ ಸುಮಾರು 1593 ಕೋಟಿ ಬೈಟ್, ಇನ್ನೊಂದರಲ್ಲಿ 1550 ಕೋಟಿ. ನಿಮ್ಮ ಮಗ ಇಮೇಜ್ ತೆಗೆದಾಗ ಖಾಲಿ ಜಾಗವೂ ಸೇರಿ ಇಡೀ ಕಾರ್ಡ್ ನಕಲಾಗಿದೆ. ಒಳಗಿರುವ ಸರಕು 4 ಜಿಬಿಯೇ ಇದ್ದರೂ ಇಮೇಜಿನ ಅಳತೆ ಹಳೆಯ ಕಾರ್ಡಿನಷ್ಟೇ. ‘ಕೊನೆಯಲ್ಲಿರುವುದು ಖಾಲಿ ತಾನೇ, ಹಿಡಿದಷ್ಟು ಬರೆಯೋಣ’ ಅಂತ ಕೆಲವರು ಹೊರಡುತ್ತಾರೆ. ಬೇಡ. ಪೈ ಆನ್ ಆಗುವಾಗ ಅದನ್ನು ನಡೆಸುವ ಲಿನಕ್ಸ್ ತನ್ನ ಲೆಕ್ಕದ ಜಾಗ ಪೂರ್ತಿ ಇದೆಯಾ ಅಂತ ನೋಡುತ್ತದೆ, ಇಲ್ಲದಿದ್ದರೆ ಏಳುವುದೇ ಇಲ್ಲ.

32ರ ಕಾರ್ಡಿಗೆ ಇಮೇಜ್ ಬರೆಯುವ ಸಾಫ್ಟ್‌ವೇರ್ ಬಲೇನಾ ಎಚರ್‌ನಿಂದ ಸುಮ್ನೆ ಬರೆಯಿರಿ. ಬರೆದಾದ ಮೇಲೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳಬಹುದು. ಕ್ಯಾನ್ಸಲ್ ಒತ್ತಿ! ಲಿನಕ್ಸ್ ಭಾಗ ಅದಕ್ಕೆ ಓದಲು ಬರುವುದಿಲ್ಲ, ಅಷ್ಟೇ. ಪೈ ಆನ್ ಆದಾಗ ಅರ್ಧ ಜಾಗ ಕಾಣೆಯಾದ ಹಾಗೆ ತೋರುತ್ತದೆ. ಪೈಯ ಸೆಟ್ಟಿಂಗ್ಸ್ ಮೆನು ರಾಸ್ಪಿ-ಕಾನ್ಫಿಗ್ ತೆರೆದು, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಎಕ್ಸ್‌ಪ್ಯಾಂಡ್ ಫೈಲ್‌ಸಿಸ್ಟಮ್ ಒತ್ತಿ, ಒಮ್ಮೆ ರೀಬೂಟ್ ಮಾಡಿದರೆ ಉಳಿದ ಜಾಗವೂ ಸೇರಿಕೊಳ್ಳುತ್ತದೆ.

ಕೊಂಡ 16ರ ಕಾರ್ಡನ್ನೂ ವ್ಯರ್ಥ ಮಾಡಬೇಕಿಲ್ಲ. ಪೈಶ್ರಿಂಕ್ ಅಂತ ಒಂದು ಉಚಿತ ಸ್ಕ್ರಿಪ್ಟ್ ಇದೆ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಇಮೇಜಿನ ಒಂದು ನಕಲಿನ ಮೇಲೆ ಅದನ್ನು ಓಡಿಸಿದರೆ ಖಾಲಿ ಜಾಗ ಹಿಂಡಿ ತೆಗೆದು, ಸರಕಿನಷ್ಟೇ ದೊಡ್ಡ ಇಮೇಜ್ ಉಳಿಸುತ್ತದೆ. ನನ್ನ ಕೇಳಿದರೆ ಮನೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇದೇ. 8, 16, 32, ಅಂಗಡಿಯವನು ಯಾವ ಕಾರ್ಡ್ ಕೊಟ್ಟರೂ ನಡೆಯುತ್ತದೆ. ಮುಂದಿನ ಸಲ ಇಮೇಜ್ ತೆಗೆಯುವಾಗ ಪೈಯನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಕಾರ್ಡ್ ಹೊರಗೆ ತೆಗೆದು, ಆಮೇಲೆ ನಕಲು ಮಾಡಲು ಮಗನಿಗೆ ಹೇಳಿ.

ಬರೆಯುವ ಮುಂಚೆ ಬೇರೆ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಎಲ್ಲ ಕಿತ್ತಿಡಿ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ನಾನು ಇಮೇಜ್ ಬರೆದದ್ದು ಚಿಕ್ಕಪ್ಪನ ಮಗಳ ಮದುವೆ ಫೋಟೋ ಇದ್ದ ಪೆನ್‌ಡ್ರೈವ್ ಮೇಲೆ. ಆ ಮನೆಗೆ ಹೋದರೆ ಈಗಲೂ ಕಾಫಿಗಿಂತ ಮೊದಲು ಆ ಮಾತೇ ಬರುತ್ತದೆ.

ಇನ್ನೊಂದು. ಮೇ ತಿಂಗಳ ಇಮೇಜಿನಲ್ಲಿ ಜೂನ್, ಜುಲೈ ಮಳೆ ಇರುವುದಿಲ್ಲ ಅಲ್ವಾ? ಕೆಟ್ಟ ಕಾರ್ಡನ್ನು ಎಸೆಯಬೇಡಿ. ಲಿನಕ್ಸ್ ಕಂಪ್ಯೂಟರಿಗೆ ಹಾಕಿ ನೋಡಿ, ಪೈ ಏಳದಿದ್ದರೂ ಮಳೆಯ ಫೈಲ್ ಎಷ್ಟೋ ಸಲ ಸಿಗುತ್ತದೆ. ಸಿಗದಿದ್ದರೆ, ಮನೆಯಲ್ಲಿ ಹಿರಿಯರು ದಿನಾ ಬೆಳಿಗ್ಗೆ ಡೈರಿಯಲ್ಲಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಮಳೆ ಬರೆದಿಟ್ಟಿರುತ್ತಾರಲ್ಲ, ಅದನ್ನು ನೋಡಿ ತುಂಬಿಸಿ.