ಓದುಗರ ಪ್ರಶ್ನೆ: ಗೋಡೆ ಬಿಟ್ಟು ಹೋದ ಚಿತ್ರಗಳು

ಪ್ರಶ್ನೆ: ಸ್ಪೇನಿನ ತಾವುಲ್ ಹಳ್ಳಿಯ ಸಾಂತ್ ಕ್ಲಿಮೆಂಟ್ ಚರ್ಚಿನ ಭಿತ್ತಿಚಿತ್ರಗಳು ಬಾರ್ಸಿಲೋನಾದ ವಸ್ತುಸಂಗ್ರಹಾಲಯದಲ್ಲಿವೆಯೆಂದು ಓದಿದೆ. ಗೋಡೆಯ ಚಿತ್ರವನ್ನು ಬೇರೆಡೆಗೆ ಒಯ್ಯುವುದು ಹೇಗೆ? ಈಗ ಚರ್ಚಿನಲ್ಲಿ ಏನು ಉಳಿದಿದೆ?

ಉತ್ತರ: ಕ್ಯಾಟಲೋನಿಯಾದ ಪಿರನೀಸ್ ಪರ್ವತಗಳ ನಡುವಿನ ಬೊಯಿ ಕಣಿವೆಯಲ್ಲಿರುವ ಈ ರೋಮನೆಸ್ಕ್ (ಯುರೋಪಿನ ಮಧ್ಯಯುಗದ ಒಂದು ಕಟ್ಟಡ ಶೈಲಿ) ಚರ್ಚು 1123ರ ಡಿಸೆಂಬರಿನಲ್ಲಿ ಪ್ರತಿಷ್ಠಾಪನೆಗೊಂಡಿತು, ಅದನ್ನು ದಾಖಲಿಸುವ ಬರಹವನ್ನು ಒಳಗಿನ ಕಂಬವೊಂದರ ಮೇಲೆಯೇ ಬಣ್ಣದಲ್ಲಿ ಬರೆಯಲಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲಾವಸ್ತುಗಳ ವ್ಯಾಪಾರಿಗಳ ಕಣ್ಣು ಇಂತಹ ಹಳ್ಳಿಯ ಚರ್ಚುಗಳ ಮೇಲೆ ಬಿದ್ದು, ಸಾಂತಾ ಮರಿಯಾ ದೆ ಮುರ್ ಚರ್ಚಿನ ಚಿತ್ರಗಳು ಮಾರಾಟವಾಗಿ ಕೊನೆಗೆ ಅಮೆರಿಕದ ಬಾಸ್ಟನ್ ಸೇರಿದಾಗ, ಬಾರ್ಸಿಲೋನಾದ ವಸ್ತುಸಂಗ್ರಹಾಲಯ ಮಂಡಳಿಯು ಉಳಿದ ಚಿತ್ರಗಳನ್ನು ತಾನೇ ಕೊಂಡು, 1919ರಿಂದ 1923ರ ನಡುವೆ ಇಟಲಿಯ ಕುಶಲಕರ್ಮಿಗಳಿಂದ ತೆಗೆಸಿತು. ಚಿತ್ರದ ಮೇಲೆ ಪ್ರಾಣಿಜನ್ಯ ಅಂಟಿನಿಂದ ಬಟ್ಟೆಯನ್ನು ಅಂಟಿಸಿ, ಅಂಟು ಒಣಗಿ ಬಿಗಿದ ಮೇಲೆ ಬಟ್ಟೆಯನ್ನು ಎಳೆದರೆ ಬಣ್ಣದ ತೆಳುಪದರವು ಗೋಡೆಯಿಂದ ಬಿಟ್ಟುಬರುತ್ತದೆ; ಅದರ ಹಿಂಬದಿಗೆ ಹೊಸ ಬಟ್ಟೆಯನ್ನು ಅಂಟಿಸಿ, ಮುಂಬದಿಯದನ್ನು ಬಿಸಿನೀರಿನಿಂದ ಬಿಡಿಸುತ್ತಾರೆ. ಚಿತ್ರಗಳು ಹೊರದೇಶಕ್ಕೆ ಮಾರಾಟವಾಗುವ ಭಯವಿಲ್ಲದಿದ್ದರೆ ಇದನ್ನು ಸಂರಕ್ಷಣೆಯೆಂದು ಕರೆಯಲು ಯಾರೂ ಒಪ್ಪುತ್ತಿರಲಿಲ್ಲ.

ಖಾಲಿಯಾದ ಗೋಡೆಯ ಮೇಲೆ ಬಹುಕಾಲ ಪ್ರತಿಕೃತಿಯೊಂದು ಇತ್ತು. ಅದನ್ನು ತೆಗೆದಾಗ, ಕಿತ್ತೊಯ್ಯುವಾಗ ಗೋಡೆಯಲ್ಲೇ ಉಳಿದುಹೋದ ಮೂಲ ಬಣ್ಣದ ತುಣುಕುಗಳು ಕಾಣಿಸಿಕೊಂಡವು. ಅವುಗಳ ಮೇಲೆಯೇ 2013ರಿಂದ ಪೂರ್ಣ ಚಿತ್ರವನ್ನು ಪ್ರೊಜೆಕ್ಟರಿನ ಬೆಳಕಿನಲ್ಲಿ ಮೂಡಿಸಿ ತೋರಿಸಲಾಗುತ್ತಿದೆ. ಪ್ರತಿಕೃತಿಗಿಂತ ಇದು ಹೆಚ್ಚು ಪ್ರಾಮಾಣಿಕವಾದ ಕ್ರಮ, ಏಕೆಂದರೆ ಬೆಳಕು ಆರಿದ ಕೂಡಲೇ ಅಸಲು ಎಷ್ಟು ಉಳಿದಿದೆಯೆಂಬುದು ನೋಡುಗರಿಗೆ ತಿಳಿಯುತ್ತದೆ.