ಪೈಪ್ ಕಳಚಿದ ಮನೆ: ಕೆಟಗರಿ, ಕ್ಲಾಸ್ ಅಂದರೇನು?

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಮೇಲಿನ ಮಹಡಿಯ ವಾಷಿಂಗ್ ಮಷಿನ್ ಪೈಪ್ ಕಳಚಿ ಕೆಳಗಿನ ಹಾಲ್‌ವರೆಗೂ ನೀರು ಇಳಿಯಿತು. ಒಣಗಿಸಲು ಬಂದವರು ಕಾಗದದಲ್ಲಿ ‘ಕೆಟಗರಿ 2, ಕ್ಲಾಸ್ 2’ ಅಂತ ಬರೆದಿದ್ದಾರೆ. ಕಾರ್ಪೆಟ್ ಮುಟ್ಟಿದರೆ ಒಣಗಿದೆ, ಆದರೂ ಮಷಿನ್‌ಗಳು ಇನ್ನೂ ಓಡಬೇಕಂತೆ. ಬಾಡಿಗೆ ದಿನದ ಲೆಕ್ಕ. ನಂಬಬಹುದಾ?

ಉತ್ತರ: ನಂಬಿ, ಆದರೆ ತೇವ ಅಳೆಯುವ ಮೀಟರ್ ನೋಡಿ ನಂಬಿ.

ಕೆಟಗರಿ ಅಂದರೆ ನೀರು ಎಷ್ಟು ಕೊಳಕು ಅನ್ನೋದು. ನೀರು ನುಗ್ಗಿದ ಮನೆ ಸರಿಪಡಿಸುವ ಕೆಲಸಕ್ಕೆ ಅಲ್ಲಿನವರು ಅನುಸರಿಸುವ ಐಐಸಿಆರ್‌ಸಿ ಸಂಸ್ಥೆಯ ಎಸ್500 ಮಾನದಂಡದಲ್ಲಿ ನಲ್ಲಿ ನೀರು 1, ಬಟ್ಟೆ ಒಗೆದ ನೀರು 2, ಚರಂಡಿ ನೀರು, ಹೊಳೆ ಉಕ್ಕಿ ಬಂದ ನೀರು 3. ಹಾಗಾಗಿ ಕಳಚಿದ್ದು ಯಾವ ಪೈಪ್ ಅಂತ ಮೊದಲು ನೋಡಿ. ನಲ್ಲಿಯಿಂದ ಮಷಿನ್‌ಗೆ ಬರುವುದಾದರೆ ಅದು 1 ಆಗಿಯೇ ಶುರುವಾಗಿರುತ್ತದೆ, ಆದರೆ ಚಾವಣಿ, ಇನ್ಸುಲೇಷನ್, ಕಾರ್ಪೆಟ್ ಎಲ್ಲ ದಾಟಿ ಬಂದು ಒಂದೆರಡು ದಿನ ನಿಂತಿದ್ದರೆ 2 ಅಂತ ಬರೆಯುವುದು ತಪ್ಪಲ್ಲ. ಖರ್ಚು ಬದಲಾಗುವುದು ಇಲ್ಲೇ. 2 ಆದರೆ ಕಾರ್ಪೆಟ್ ತೊಳೆದು ಉಳಿಸಿಕೊಳ್ಳಬಹುದು, ಅಡಿಯ ಪ್ಯಾಡ್ ಎಸೆಯಬೇಕು. 3 ಆದರೆ ಎರಡೂ ಹೋದಂತೆ.

ಕ್ಲಾಸ್‌ಗೂ ಕೊಳಕಿಗೂ ಸಂಬಂಧವಿಲ್ಲ. ಎಷ್ಟು ಭಾಗ ನೆನೆದಿದೆ, ಒಣಗಿಸೋದು ಎಷ್ಟು ಕಷ್ಟ ಅನ್ನೋ ಲೆಕ್ಕ ಅದು.

ಈಗ ಮುಖ್ಯ ವಿಷಯ. ಕಾರ್ಪೆಟ್ ಒಣಗಿದರೆ ಗೋಡೆಯೂ ಒಣಗಿತು ಅಂತಲ್ಲ. ಡ್ರೈವಾಲ್, ಅಂದರೆ ಅಲ್ಲಿನ ಮನೆಗಳ ಜಿಪ್ಸಮ್ ಹಲಗೆಯ ಗೋಡೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಬುಡದಿಂದ ಮೇಲಕ್ಕೆ ಎಳೆದುಕೊಳ್ಳುತ್ತದೆ, ಹೊರಗಿನ ಬಣ್ಣ ಮಾತ್ರ ಚೆನ್ನಾಗೇ ಕಾಣುತ್ತದೆ. ಗೋಡೆಯ ಬುಡಕ್ಕೆ ಹೊಡೆದ ಪಟ್ಟಿ (ಬೇಸ್‌ಬೋರ್ಡ್) ತೆಗೆಸಿ, ಎರಡು ಸೂಜಿಯ ಮಾಯಿಶ್ಚರ್ ಮೀಟರ್ ಅಲ್ಲಿ ಚುಚ್ಚಿಸಿ. ಆಮೇಲೆ ನೀರು ತಾಗದ ಕೋಣೆಯ ಅಂಥದೇ ಗೋಡೆಗೂ ಚುಚ್ಚಿಸಿ. ಅಲ್ಲಿ ಬಂದ ಅಂಕಿಯೇ ‘ಡ್ರೈ ಸ್ಟ್ಯಾಂಡರ್ಡ್’. ನೆನೆದ ಗೋಡೆ ಅದರ ಹತ್ತಿರ ಬರುವವರೆಗೆ ಮಷಿನ್ ಓಡಲಿ, ಬಂದ ಮೇಲೆ ಒಂದು ದಿನವೂ ಜಾಸ್ತಿ ಬೇಡ. ದಿನದಿನದ ರೀಡಿಂಗ್ ಬರೆದ ಹಾಳೆ ಕೇಳಿ. ಅದಿಲ್ಲ ಅಂದರೆ ಬಾಡಿಗೆ ಬಿಲ್ ಸುಮ್ನೆ ಒಪ್ಪಿಕೊಳ್ಳಬೇಡಿ.

ಏರ್ ಮೂವರ್ ಅನ್ನೋ ಜೋರು ಫ್ಯಾನ್ ತೇವವನ್ನು ಗಾಳಿಗೆ ಏರಿಸುತ್ತದೆ, ಡಿಹ್ಯೂಮಿಡಿಫೈಯರ್ ಅದನ್ನು ಗಾಳಿಯಿಂದ ತೆಗೆಯುತ್ತದೆ. ಎರಡೂ ಜತೆಗೇ ಓಡಬೇಕು. ಸದ್ದು ತಡೆಯಲಾಗದೆ ರಾತ್ರಿ ಆಫ್ ಮಾಡುವುದು, ನಮ್ಮೂರ ಅಭ್ಯಾಸದಂತೆ ಕಿಟಕಿ ತೆರೆದಿಡುವುದು, ಎರಡೂ ಬೇಡ. ಒದ್ದೆ ಜಾಗದಲ್ಲಿ 24ರಿಂದ 48 ಗಂಟೆಯೊಳಗೇ ಬೂಷ್ಟು ಶುರುವಾಗಬಹುದು. ಔಷಧಿ ಹೊಡೆದರೆ ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಒಳಗೆ ತೇವ ಉಳಿದರೆ ಬೂಷ್ಟು ಮತ್ತೆ ಬರುತ್ತದೆ.