ಮಗುವನ್ನು ಮೈಗೆ ಕಟ್ಟಿಕೊಳ್ಳುವ ಉದ್ದನೆಯ ಬಟ್ಟೆ, ಅಂದರೆ ಮೊದಲ ರ‍್ಯಾಪ್ ಎಂಥದ್ದು ಇರಬೇಕು? ಮನೆಯಲ್ಲಿರುವ ಇಳಕಲ್ ಸೀರೆ ಸಾಕಾಗಲ್ವಾ?

ಪೂರ್ತಿ ಹತ್ತಿಯ, ಮಧ್ಯಮ ದಪ್ಪದ, ಸುಮಾರು 4.6 ಮೀಟರ್ ಉದ್ದದ ನೇಯ್ದ ರ‍್ಯಾಪ್ ತೆಗೆದುಕೊಳ್ಳಿ. ಇದನ್ನು ಸೈಜ್ 6 ಎಂದು ಮಾರುತ್ತಾರೆ. ಸಾಧಾರಣ ಮೈಕಟ್ಟಿನವರಿಗೆ ಕಟ್ಟುವ ಹೆಚ್ಚಿನ ವಿಧಾನಗಳಿಗೆ ಸಾಕು.

ಗುಟ್ಟು ನೇಯ್ಗೆಯಲ್ಲಿದೆ. ಒಳ್ಳೆಯ ರ‍್ಯಾಪ್ ಅನ್ನು ಉದ್ದಕ್ಕೆ ಎಳೆದರೆ ಹಿಗ್ಗುವುದಿಲ್ಲ, ಅಡ್ಡಕ್ಕೂ ಅಷ್ಟೇ. ಓರೆಯಾಗಿ ಎಳೆದರೆ ಮಾತ್ರ ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಮಗುವಿನ ಬೆನ್ನಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ, ಆದರೆ ಭಾರಕ್ಕೆ ಜೋತು ಬೀಳುವುದಿಲ್ಲ.

ಇಳಕಲ್ ಸೀರೆಗೆ ಉದ್ದವೇನೋ ಬೇಕಾದಷ್ಟಿದೆ. ಆದರೆ ತೆಳು ಬಟ್ಟೆ ಮಗು ಬೆಳೆದಂತೆ ಹೆಗಲು ಕೊರೆಯುತ್ತದೆ. ರೇಷ್ಮೆ ಬೆರೆತಿದ್ದರೆ ಗಂಟು ಜಾರುತ್ತದೆ. ಮೇಲಾಗಿ ಸಾಂಪ್ರದಾಯಿಕ ಇಳಕಲ್‌ನಲ್ಲಿ ಸೆರಗಿನ ಎಳೆಗಳನ್ನು ಬೇರೆಯಾಗಿ ಕೊಂಡಿ ಹಾಕಿ ಒಡಲಿಗೆ ಜೋಡಿಸಿರುತ್ತಾರೆ. ಆ ಜೋಡಣೆಯ ಮೇಲೆ ಮಗುವಿನ ಭಾರ ಬಿಡಲು ನಾನಂತೂ ಒಪ್ಪುವುದಿಲ್ಲ. ಸೀರೆಗೂ ಅನ್ಯಾಯ, ಅಲ್ವಾ?

ಬಾಗಲಕೋಟೆ ಬಿಸಿಲಿಗೆ ಉಣ್ಣೆ ಬೆರೆತದ್ದು ಬೇಡವೇ ಬೇಡ. ಲಿನನ್ ತಂಪು, ಗಟ್ಟಿ. ಆದರೆ ಹೊಸದು ಬಿರುಸಾಗಿರುತ್ತದೆ, ಕಲಿಯುವವರಿಗೆ ಕಷ್ಟ. ಯಾವುದೇ ಕಟ್ಟಿನಲ್ಲೂ ಮಗುವಿನ ಮುಖ ಕಾಣುತ್ತಿರಬೇಕು, ಗದ್ದ ಅದರದೇ ಎದೆಗೆ ಒತ್ತಿರಬಾರದು.

ಎರಡು ಅಂಚಿಗೆ ಬೇರೆ ಬೇರೆ ಬಣ್ಣ ಇರುವುದನ್ನೇ ಆರಿಸಿ. ಯಾವ ಕಡೆ ಸಡಿಲವಿದೆ ಎಂದು ತಕ್ಷಣ ಗೊತ್ತಾಗುತ್ತದೆ.